ನಾಗನಿಗೆ ಓಟ್ಸ್ ಹಾಲು ನಡೆಯುತ್ತದಾ?

ಓಟ್ಸ್ ಹಾಲನ್ನು ನಾಗನಿಗೆ ಎರೆಯಬಹುದೇ? ಇಂಥದೊಂದು ಪ್ರಶ್ನೆ ನಿಮ್ಮ ಜೀವನದಲ್ಲಿ ಬಂದಿರಲಿಕ್ಕಿಲ್ಲ. ಹೋದ ತಿಂಗಳ ಒಂದು ಶನಿವಾರದವರೆಗೆ ನನ್ನ ಜೀವನದಲ್ಲೂ ಬಂದಿರಲಿಲ್ಲ.

ಅವತ್ತು ಮಟಮಟ ಮಧ್ಯಾಹ್ನ, ಜರ್ಮನಿಯ ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಹೋಗುವಷ್ಟು ದೂರದ ಮರಳುಗಲ್ಲಿನ ಕಮರಿಯೊಳಗೆ ನಿಂತು ನಾವು ನಾಲ್ಕು ಜನ ವಿದ್ಯಾವಂತರು ಇದೇ ವಿಷಯವನ್ನು ಬಹಳ ಹೊತ್ತು ಚರ್ಚಿಸಿದೆವು. ನಾಲ್ವರಲ್ಲಿ ಇಬ್ಬರು ಬರಿಗಾಲಲ್ಲಿದ್ದರು.

ಮೊದಲಿನಿಂದ ಹೇಳುತ್ತೇನೆ.

ಅಸಲಿಗೆ ನಾವು ಹೋಗಬೇಕಿದ್ದದ್ದು ನಿಜವಾದ ಮರುಭೂಮಿಗೆ. ಕೆಂಪು ಬಂಡೆಗಳ ಕಣಿವೆ, ಗೋಡೆಯ ಮೇಲೆ ಆದಿಮಾನವರು ಬಿಡಿಸಿದ ಚಿತ್ರ, ರಾತ್ರಿ ಟೆಂಟು. ಪ್ಲಾನ್ ಮಾಡಿದ್ದು ಚೇತನ್, ಬೆಂಗಳೂರಿನ ಬಸವನಗುಡಿಯವನು, ನನ್ನ ಆಫೀಸಿನಲ್ಲೇ ಕೆಲಸ. ಆದರೆ ಹೊರಡುವ ಹೊತ್ತಿಗೆ ನಮ್ಮ ಜೊತೆಗಾರ ಪ್ರಸನ್ನನ ಬ್ಲೂ ಕಾರ್ಡ್ (ಇಲ್ಲಿ ಇದ್ದು ಕೆಲಸ ಮಾಡುವ ಪರವಾನಗಿ) ರಿನ್ಯೂವಲ್‌ಗೆ ಹೋಗಿ ಕೂತಿತ್ತು. ಕೈಯಲ್ಲಿ ಒಂದು ತಾತ್ಕಾಲಿಕ ಕಾಗದ. ಅದನ್ನು ಹಿಡಿದುಕೊಂಡು ದೇಶ ಬಿಟ್ಟು ಹೋದರೆ ವಾಪಸ್ ಬಿಡುತ್ತಾರೋ ಇಲ್ಲವೋ ಎಂದು ಅವನಿಗೆ ಭಯ. (ಬಿಡುತ್ತಾರೆ ಎಂದು ಎಲ್ಲರೂ ಹೇಳಿದರು. ಆದರೆ ಹೇಳಿದ ಯಾರ ಧ್ವನಿಯಲ್ಲೂ ಧೈರ್ಯವಿರಲಿಲ್ಲ.)

"ಚಿಂತೆ ಬೇಡ ಗುರು, ಇಲ್ಲೇ ಒಂದು ಡೆಸರ್ಟ್ ಕ್ಯಾನಿಯನ್ ಹುಡುಕಿದೀನಿ," ಅಂದ ಚೇತನ್. "ಮರಳಿದೆ, ಬಂಡೆ ಇದೆ, ಈ ಸಲ ಬಿಸಿಲೂ ಇದೆ. ಗೋಡೆ ಮೇಲೆ ಪುರಾತನ ಚಿತ್ರ ಇದೆ ಅಂತ ಒಬ್ಬ ಬ್ಲಾಗ್‌ನಲ್ಲಿ ಬರ್ದಿದಾನೆ. ಒಂಟೆ ಒಂದಿಲ್ಲ ಅಷ್ಟೆ."

ಹಾಗೆ ಹೊರಟೆವು. ಚೇತನ್, ನಾನು, ಪ್ರಸನ್ನ ಮತ್ತು ಲವೀನಾ. ಲವೀನಾ ಮಂಗಳೂರಿನವಳು, ಇಲ್ಲಿನ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾಳೆ, ಹಸುವಿನ ಹಾಲು ಕುಡಿದರೆ ಅವಳಿಗೆ ಹೊಟ್ಟೆ ಕೆಡುತ್ತದೆ. ಈ ಕೊನೆಯ ಸಂಗತಿ ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಪ್ರಸನ್ನನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಡುಪಿಯ ಹತ್ತಿರದವನು, ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಹೆಂಡತಿ ಮತ್ತು ಆಗಷ್ಟೇ ಹೆಜ್ಜೆ ಇಡಲು ಕಲಿತಿರುವ ಮಗಳು ಊರಿನಲ್ಲಿದ್ದಾರೆ. ಅವರನ್ನು ಕರೆಸಿಕೊಳ್ಳಬೇಕಾದರೆ ಸಂಸಾರಕ್ಕೆ ಸಾಕಾಗುವಷ್ಟು ದೊಡ್ಡ ಮನೆ ತೋರಿಸಬೇಕು. ಅವನಿರುವುದು ಹಂಚಿಕೊಂಡ ಫ್ಲಾಟಿನ ಒಂದು ರೂಮಿನಲ್ಲಿ. ಮನೆ ಸಿಗದೆ ವೀಸಾ ಇಲ್ಲ, ವೀಸಾ ಇಲ್ಲದೆ ಹೆಂಡತಿ ಮಗಳಿಲ್ಲ. ಮಗಳು ಫೋನಿನ ಪರದೆಯನ್ನೇ 'ಪಪ್ಪ' ಎಂದು ಕರೆಯುತ್ತಾಳಂತೆ. ಫೋನ್ ಆಫ್ ಆಗಿದ್ದರೂ ಕರೆಯುತ್ತಾಳಂತೆ.

ಜರ್ಮನಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು. ಅರ್ಜಿ, ಸಂಬಳದ ಚೀಟಿ, ಶುಫಾ (ನೀವು ಸಾಲಗಾರರಲ್ಲ ಎಂಬ ಸರ್ಟಿಫಿಕೇಟು), ಕೋಟು ಹಾಕಿಕೊಂಡ ಫೋಟೋ, ನಾನು ಸಿಗರೇಟು ಸೇದುವುದಿಲ್ಲ, ಪಿಯಾನೋ ಬಾರಿಸುವುದಿಲ್ಲ ಎಂಬ ವಿನಯಪೂರ್ವಕ ಪತ್ರ. ಪ್ರಸನ್ನ ಎಲ್ಲವನ್ನೂ ಕಳಿಸುತ್ತಿದ್ದ. ಮನೆ ನೋಡಲು ಕರೆದಲ್ಲಿ ಮೆಟ್ಟಿಲ ತುಂಬ ಜನ ಸಾಲು ನಿಂತಿರುತ್ತಿದ್ದರು. ಆಮೇಲೆ ಒಂದು ಸಾಲಿನ ಈಮೇಲ್: ಬೇರೆಯವರಿಗೆ ಕೊಟ್ಟಿದ್ದೇವೆ. ಎಷ್ಟೋ ಸಲ ಅದೂ ಇಲ್ಲ.

ಊರಿನಲ್ಲಿ ಅವನ ಅಮ್ಮ ಸುಮ್ಮನೆ ಕೂತಿರುತ್ತಾರೆಯೇ? ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸಿದರು. ನಾಗನಿಗೆ ಅಸಮಾಧಾನವಾಗಿದೆ ಎಂದು ಬಂತು. ಹುಡುಗ ತನ್ನ ಕೈಯಾರೆ ನಾಗನ ಕಲ್ಲಿಗೆ ಹಾಲೆರೆಯಬೇಕು.

"ರಜೆ ಇಲ್ಲ ಅಂತ ಹೇಳಿದೆ," ಅಂದ ಪ್ರಸನ್ನ ರೈಲಿನಲ್ಲಿ. "ಅದಕ್ಕೆ ಅಮ್ಮ ಕೇಳಿದ್ರು, ಜರ್ಮನಿಯಲ್ಲಿ ಹಾವೇ ಇಲ್ವಾ ಅಂತ."

ಎಲ್ಲರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ. ನಾನು ಮೈಸೂರಿನವಳು, ಓದಿಕೊಂಡವಳು, ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲದವಳು. ಪ್ರಸನ್ನನಿಗೆ ನಿರರ್ಗಳವಾಗಿ ಒಂದು ಭಾಷಣವನ್ನೂ ಮಾಡಿದೆ. ಮಾರ್ಕೆಟ್, ಡಿಮ್ಯಾಂಡ್, ಸಪ್ಲೈ ಇತ್ಯಾದಿ. ಅವನು ಪಾಪ ಕಿಟಕಿಯಾಚೆ ಹೊಳೆ ನೋಡುತ್ತ ಹ್ಞೂಂಗುಟ್ಟಿದ.

ಕಮರಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎರಡೂ ಕಡೆ ಎತ್ತರದ ಬಂಡೆ, ಕಾಲ ಕೆಳಗೆ ನಿಜವಾದ ಮರಳು, ಮೇಲೊಂದು ಪಟ್ಟಿಯಷ್ಟೇ ಆಕಾಶ. ಬಂಡೆಯ ಮೇಲೆ ಒಂದು ಕಡೆ ಸೂರ್ಯನಂಥದ್ದು, ಇನ್ನೊಂದು ಕಡೆ ಜಿಂಕೆಯಂಥದ್ದು. ಚೇತನ್ ಗೈಡ್ ಆಗಿಬಿಟ್ಟ. "ಬೇಟೆಗಾರರು ಮಗಾ. ಇಲ್ಲೇ ಬೆಂಕಿ ಹಾಕ್ಕೊಂಡು ಕೂತಿರ್ತಿದ್ರು." ಒಂದು ಕೆಂಪು ಚುಕ್ಕೆಯ ಮುಂದೆ ಬಹಳ ಹೊತ್ತು ನಿಂತು ಅದರ ಗೂಢಾರ್ಥ ವಿವರಿಸಿದ. ಅದು ಚಾರಣಿಗರಿಗೆ ದಾರಿ ತೋರಿಸಲು ಬಳಿದ ಪೇಂಟು ಎಂದು ಲವೀನಾ ಹೇಳಿದ ಮೇಲೆ ಗೈಡ್ ಕೆಲಸ ಬಿಟ್ಟು ಎಲ್ಲರಿಗಿಂತ ಮುಂದೆ ನಡೆದ.

ತಿರುವಿನಲ್ಲಿ, ಚಾಚಿಕೊಂಡ ಬಂಡೆಯ ಅಡಿಯಲ್ಲಿ, ಅದಿತ್ತು. ಸುರುಳಿ ಸುತ್ತಿ, ಕತ್ತು ಮೇಲೆತ್ತಿ, ತುದಿಯಲ್ಲಿ ಸ್ವಲ್ಪ ಅಗಲವಾಗಿ ನಿಂತ ಕೆತ್ತನೆ. ಪಾಚಿ ಕಟ್ಟಿತ್ತು. ಸುಳ್ಳಾಡದೆ ಹೇಳುತ್ತೇನೆ, ಅರಳಿಕಟ್ಟೆಯ ನಾಗರಕಲ್ಲಿನ ಹಾಗೇ ಇತ್ತು.

ಹಿಂದೆ ತಿರುಗಿದರೆ ಪ್ರಸನ್ನ ನೆಲದ ಮೇಲೆ ಕೂತಿದ್ದ. ಶೂ ಕಚ್ಚಿತೇನೋ ಅಂದುಕೊಂಡೆ. ಅಲ್ಲ. ಲೇಸು ಬಿಚ್ಚುತ್ತಿದ್ದ. ಸಾಕ್ಸ್ ಕೂಡ ತೆಗೆದು ಮಡಚಿ ಶೂ ಒಳಗಿಟ್ಟ. ಎದ್ದು ನಿಂತು ಕೇಳಿದ, "ಹಾಲು ಉಂಟಾ?"

ಯಾರ ಹತ್ತಿರ ಇರುತ್ತದೆ? ಲವೀನಾ ಬ್ಯಾಗಿನಿಂದ ಕಾಫಿಗೆಂದು ತಂದ ಓಟ್ಸ್ ಹಾಲಿನ ಪ್ಯಾಕೆಟ್ ತೆಗೆದಳು.

"ಮಗಾ, ಅದು ಹಾಲಲ್ಲ, ಗಂಜಿ," ಅಂದ ಚೇತನ್.

"ಸುಮ್ನಿರು ಮಾರಾಯ," ಅಂದಳು ಲವೀನಾ. "ನಮ್ಮ ಮನೆ ಹಿಂದೆಯೇ ನಾಗಬನ ಉಂಟು, ಪಕ್ಕದ ಮನೆಯವರದ್ದು. ನಾವು ಕ್ರಿಶ್ಚಿಯನ್ಸ್, ಆದ್ರೂ ಅಪ್ಪ ಅಲ್ಲಿಂದ ಒಂದು ಎಲೆ ಕೀಳ್ಲಿಕ್ಕೆ ಬಿಡುದಿಲ್ಲ. ಇದೆಲ್ಲ ತಮಾಷೆ ಅಲ್ಲ." ಅಂದವಳೇ ತಾನೂ ಶೂ ಬಿಚ್ಚಿದಳು.

ನಾನು ವಿರೋಧಿಸಿದೆ. ಇದು ಪುರಾತನ ಶಿಲಾಚಿತ್ರ, ಇಲ್ಲಿ ಗೀಚಿದರೆ ದಂಡ ಹಾಕುತ್ತಾರೆ, ಮೇಲಾಗಿ ನನ್ನ ಪರ್ಮನೆಂಟ್ ರೆಸಿಡೆನ್ಸ್ ಅರ್ಜಿ ಸರ್ಕಾರಿ ಆಫೀಸಿನಲ್ಲಿ ಕೂತಿದೆ, ಇಂಥ ಹೊತ್ತಿನಲ್ಲಿ ಪೊಲೀಸ್ ಸಹವಾಸ ನನಗೆ ಬೇಡ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರಸನ್ನ ಊರಿಗೆ ವಿಡಿಯೋ ಕಾಲ್ ಮಾಡಿದ. ಕಮರಿಯಲ್ಲಿ ಸಿಗ್ನಲ್ ಸಿಗಲು ಫೋನನ್ನು ತಲೆಯ ಮೇಲೆ ಹಿಡಿಯಬೇಕಿತ್ತು. ತಾಯಿ ಮಗ ತುಳುವಿನಲ್ಲಿ, ಲವೀನಾ ನಮಗೆ ಕಾಮೆಂಟರಿ.

"ಕಲ್ಲು ನೋಡಿ ಕೈ ಮುಗೀತಿದ್ದಾರೆ... ಈಗ ಓಟ್ಸ್ ಅಂದ್ರೆ ಎಂತ ಅಂತ ಕೇಳ್ತಿದ್ದಾರೆ... ಧಾನ್ಯ ಅಂತ ಹೇಳಿದ... ಧಾನ್ಯವನ್ನು ಯಾರು ಕರೆದದ್ದು ಅಂತ ಕೇಳ್ತಿದ್ದಾರೆ."

ನಾನು ಮುಖ ತಿರುಗಿಸಿ ನಕ್ಕೆ. ಲವೀನಾ ನಗಲಿಲ್ಲ.

"ಭಕ್ತಿಯಿಂದ ಹಾಕು ಅಂತಿದ್ದಾರೆ. ಊರು ಬಿಟ್ಟವನಿಗೆ ಎಂತ ಸಿಗ್ತದೆ, ಎಂತ ಸಿಗುದಿಲ್ಲ ಅಂತ ನಾಗನಿಗೂ ಗೊತ್ತಾಗ್ತದಂತೆ. ಅರಿಶಿನ ಇದ್ರೆ ಒಳ್ಳೇದಂತೆ."

ಅರಿಶಿನ ಯಾರ ಹತ್ತಿರ ಇತ್ತು ಹೇಳಿ? ವಿಚಾರವಾದಿಯ ಹತ್ತಿರ. ಟ್ರೆಕ್ಕಿಂಗ್‌ನಲ್ಲಿ ಗಾಯವಾದರೆ ಹಚ್ಚಿಕೊ ಎಂದು ನನ್ನಮ್ಮ ಕಟ್ಟಿಕೊಟ್ಟ ಪೊಟ್ಟಣ. ಕೊಡದಿರಲು ಮನಸ್ಸಾಗಲಿಲ್ಲ. ಕಲ್ಲಿಗೆ ಹಚ್ಚಬೇಡ, ಎಲೆಯ ಮೇಲಿಡು ಎಂದು ಷರತ್ತು ಹಾಕಿ ಕೊಟ್ಟೆ. ಪ್ರಸನ್ನ ಎಲೆಯ ಮೇಲೆ ಅರಿಶಿನವಿಟ್ಟು, ಪ್ಯಾಕೆಟ್ಟಿನ ಮುಚ್ಚಳ ತಿರುಗಿಸಿ, ಕಣ್ಣು ಮುಚ್ಚಿ ಎರೆದ. ಗಂಜಿಬಣ್ಣದ ಧಾರೆ ಸುರುಳಿಗಳ ಮೇಲಿಂದ ಇಳಿಯಿತು. ಅವನ ತುಟಿ ಅಲುಗುತ್ತಿತ್ತು. ಆ ಒಂದು ಕ್ಷಣ ನಮಗ್ಯಾರಿಗೂ ನಗು ಬರಲಿಲ್ಲ.

ಆಗ ನಾಯಿ ಬಂತು.

ಎಲ್ಲಿಂದಲೋ ಓಡಿ ಬಂದು ನಾಗನನ್ನು ಬುಡದಿಂದ ನೆಕ್ಕತೊಡಗಿತು. ಪ್ರಸನ್ನ ಕಣ್ಣು ತೆರೆದವನು ಬೆಚ್ಚಿಬಿದ್ದ. ನಾಯಿಯ ಹಿಂದೆ, ಎರಡು ಕೋಲು ಊರುತ್ತ ಒಬ್ಬ ಮುದುಕರು. ತೋಳಿಗೆ ಸ್ವಯಂಸೇವಕರ ಪಟ್ಟಿ. ಬಂಡೆಗಳ ಮೇಲೆ ಹೆಸರು ಗೀಚುವವರನ್ನು ಹಿಡಿಯಲು ಓಡಾಡುವವರು.

"ಏನು ಮಾಡುತ್ತಿದ್ದೀರಿ?" ಎಂದು ಜರ್ಮನ್‌ನಲ್ಲಿ ಕೇಳಿದರು.

ನನ್ನ ಪರ್ಮನೆಂಟ್ ರೆಸಿಡೆನ್ಸ್ ಕಣ್ಣ ಮುಂದೆಯೇ ಎದ್ದು ಹೊರಟುಹೋಯಿತು. ಚೇತನ್ ಬಂಡೆಯ ಹಿಂದೆ ಸರಿದ. ಪ್ರಸನ್ನನೊಬ್ಬನೇ ಮುಂದೆ ಬಂದ, ಬರಿಗಾಲಲ್ಲಿ, ಕೈಯಲ್ಲಿ ಪ್ಯಾಕೆಟ್ಟು. ಗಾಬರಿಯಲ್ಲಿ ಅವನಿಗೆ ನೆನಪಾದದ್ದು ಜರ್ಮನ್ ಪರೀಕ್ಷೆಗೆ ಬಾಯಿಪಾಠ ಮಾಡಿದ ಸಾಲುಗಳು.

"ನಮಸ್ಕಾರ. ನನ್ನ ಹೆಸರು ಪ್ರಸನ್ನ. ನಾನು ಭಾರತದಿಂದ ಬಂದಿದ್ದೇನೆ. ನನಗೆ ಒಬ್ಬಳು ಮಗಳಿದ್ದಾಳೆ. ನಾನು ಮನೆ ಹುಡುಕುತ್ತಿದ್ದೇನೆ."

ಮುದುಕರು ಅವನ ಪಾದ ನೋಡಿದರು. ಹಾಲು ನೋಡಿದರು. ಬಂಡೆ ನೋಡಿದರು.

"ಇಲ್ಲಿ?" ಎಂದು ಕೇಳಿದರು.

ಆಮೇಲೆ ವಿವರಿಸುವ ಕೆಲಸ ನನ್ನ ತಲೆಗೆ ಬಂತು. ಇವರ ಊರಿನಲ್ಲಿ ನೆಲದ ಒಡೆಯ ನಾಗ, ಮನೆ ಬೇಕಾದರೆ ಮೊದಲು ಅವನನ್ನು ಕೇಳಬೇಕು, ಅವನ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲಬಾರದು. ಯಾವುದನ್ನು ನಾನು ರೈಲಿನಲ್ಲಿ ಅಲ್ಲಗಳೆದಿದ್ದೆನೋ ಅದನ್ನೇ ಒಳ್ಳೆಯ ಜರ್ಮನ್‌ನಲ್ಲಿ, ಕಳಕಳಿಯಿಂದ ಸಮರ್ಥಿಸಿದೆ. ಹೆಂಡತಿ ಮಗಳ ವೀಸಾ ಕತೆಯನ್ನೂ ಸೇರಿಸಿದೆ.

ಮುದುಕರು ನಾಯಿಯನ್ನು ಕಲ್ಲಿನಿಂದ ಹಿಂದಕ್ಕೆಳೆದರು. ಹಿಂದೆ ಮುಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಅದು ಪುರಾತನವಲ್ಲ. ನಾನು ಕೆತ್ತಿದ್ದು."

ಹುಡುಗನಾಗಿದ್ದಾಗ, ಶಾಲೆಗೆ ಚಕ್ಕರ್ ಹೊಡೆದು, ಚಿಕ್ಕಪ್ಪನ ಉಳಿ ಕದ್ದು ತಂದು ಕೆತ್ತಿದ್ದಂತೆ. ತರಗತಿಯ ಒಬ್ಬ ಹುಡುಗಿಗೆ ತೋರಿಸಲು. ಆಮೇಲೆ ದೊಡ್ಡವರಾಗಿ, ಬಂಡೆ ಗೀಚುವವರನ್ನು ಹಿಡಿಯುವ ತಂಡಕ್ಕೇ ಮುಖ್ಯಸ್ಥರಾದರು. ಯಾರೋ ಬ್ಲಾಗ್‌ನಲ್ಲಿ ಅದನ್ನು ಪುರಾತನ ಎಂದು ಬರೆದಾಗಲೂ ತಿದ್ದಲಿಲ್ಲ. ತಿದ್ದಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ?

"ಇನ್ನೊಂದು ವಿಷಯ," ಎಂದರು ಸಂಕೋಚದಿಂದ. "ಅದು ಹಾವಲ್ಲ. ಹಂಸ. ಕೆಳಗಿನ ಸುರುಳಿ ನೀರಿನ ಅಲೆ. ಕುತ್ತಿಗೆಯಾಗುವಷ್ಟರಲ್ಲಿ ಉಳಿ ಮುರಿಯಿತು."

ನಾನು ಅನುವಾದಿಸಿದೆ. ಚೇತನ್ ಬಂಡೆಯ ಹಿಂದಿನಿಂದ ಹೊರಬಂದು ಹೊಟ್ಟೆ ಹಿಡಿದುಕೊಂಡು ಕೂತ. ಲವೀನಾ ಗಂಭೀರವಾಗಿ ಕೇಳಿದಳು, "ಹಂಸ ಹಾಲು ನೀರು ಬೇರೆ ಮಾಡ್ತದೆ ಅಂತಾರಲ್ಲ, ಓಟ್ಸ್ ಹಾಲಲ್ಲಿ ಅದು ಎಂತ ಬೇರೆ ಮಾಡುದು?"

ಪ್ರಸನ್ನ ಮಾತ್ರ ನಗಲಿಲ್ಲ. ಇದ್ದ ಒಂದು ದಾರಿಯೂ ಹಂಸದ ಕುತ್ತಿಗೆಯಾಗಿ ಹೋಗಿತ್ತು. ಆದರೂ ಅವನು ಶೂ ಹಾಕಿಕೊಳ್ಳಲಿಲ್ಲ. ನಮ್ಮ ಬಾಟಲಿಗಳ ಕುಡಿಯುವ ನೀರು ಸುರಿದು ಕಲ್ಲು ತೊಳೆದ, ಅರಿಶಿನದ ಎಲೆಯನ್ನು ಎತ್ತಿಟ್ಟುಕೊಂಡ, ಇನ್ನೊಮ್ಮೆ ಕೈ ಮುಗಿದ. ತಿರುವು ದಾಟಿದ ಮೇಲೆಯೇ ಶೂ ಹಾಕಿದ್ದು. ಮುದುಕರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ನಾವು ಅವರ ಹಂಸದ ಸುದ್ದಿ ಎತ್ತುವುದಿಲ್ಲ, ಅವರು ನಮ್ಮ ಹಾಲಿನ ಸುದ್ದಿ ಎತ್ತುವುದಿಲ್ಲ ಎಂದು ಒಪ್ಪಂದವಾಯಿತು. (ಹೆಸರು ಊರು ಬರೆಯದೆ ಇರುವುದರಿಂದ ನಾನು ಮಾತು ತಪ್ಪಿಲ್ಲ.) ಹೊರಡುವಾಗ ಪ್ರಸನ್ನನ ಫೋನ್ ನಂಬರ್ ಕೇಳಿ ಪಡೆದರು. ದೂರು ಕೊಡಲಿಕ್ಕೇ ಇರಬೇಕು ಎಂದು ಚೇತನ್ ರೈಲಿನುದ್ದಕ್ಕೂ ಹೇಳಿದ.

ಮುಂದಿನ ವಾರ ಪ್ರಸನ್ನನಿಗೆ ಒಬ್ಬ ಅಜ್ಜಿಯ ಫೋನ್ ಬಂತು. ಮುದುಕರ ನೆರೆಮನೆಯವರು. ಮೇಲಿನ ಮಹಡಿ ಖಾಲಿ ಇದೆಯಂತೆ, ಎರಡು ಬೆಡ್‌ರೂಮು. ಹಿಂದಿನ ಬಾಡಿಗೆದಾರರು ಬೂಟುಗಾಲಲ್ಲೇ ಓಡಾಡಿ ಮರದ ನೆಲವನ್ನೆಲ್ಲ ಹಾಳು ಮಾಡಿದ್ದರಂತೆ. ಈಗ ಹೊಸದಾಗಿ ಹಾಕಿಸಿದ್ದಾರೆ. ಅಂತರ್ಜಾಲದಲ್ಲಿ ಜಾಹೀರಾತು ಕೊಡಲು ಅಜ್ಜಿಗೆ ಭಯ. ಯಾರು ಬರುತ್ತಾರೋ ಏನೋ.

"ಕಾಡಿನಲ್ಲಿ ಬಂಡೆಗಲ್ಲಿನ ಮುಂದೆ ಶೂ ಬಿಚ್ಚಿದ ಹುಡುಗ ನೀನೇ ಅಲ್ಲವಾ?" ಎಂದಷ್ಟೇ ಕೇಳಿದರಂತೆ. ಸಂಬಳದ ಚೀಟಿ ಆಮೇಲೆ ತಂದುಕೊಡು ಎಂದರಂತೆ.

ಯೋಚಿಸಿ ನೋಡಿ. ಅಷ್ಟು ಅರ್ಜಿಗಳ ಜತೆ ಅವನು ಏನೇನೆಲ್ಲ ಕಳಿಸಿದ್ದ. ತಾನು ಕಲ್ಲಿನ ಮುಂದೆಯೂ ಪಾದರಕ್ಷೆ ಬಿಡುವವನು ಎಂದು ಬರೆಯಲು ಯಾವ ಅರ್ಜಿಯಲ್ಲಿ ಜಾಗವಿತ್ತು? ನಮ್ಮ ಬಗ್ಗೆ ನಿಜವಾಗಿ ಹೇಳಬೇಕಾದ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಈ ಮನೆ ಹುಡುಕುವ ಪೋರ್ಟಲ್‌ಗಳು ಕೇಳುತ್ತವೆ.

ಪ್ರಸನ್ನನ ಹೆಂಡತಿಯ ವೀಸಾ ಫೈಲು ಈಗ ಕದಲಿದೆ. ಅವನು ಮಗಳಿಗೆ ಒಂದು ಜೊತೆ ಪುಟ್ಟ ಚಪ್ಪಲಿ ತಂದು, ಹೊಸ ಮನೆಯ ಬಾಗಿಲ ಹೊರಗೆ ಈಗಲೇ ಇಟ್ಟಿದ್ದಾನೆ. ಅಜ್ಜಿ ಅದನ್ನು ದಿನಾ ನೇರ ಮಾಡಿ ಇಡುತ್ತಾರಂತೆ.

ಪ್ರಸನ್ನನ ಅಮ್ಮನಿಗೆ ಮಾತ್ರ ಹಂಸದ ವಿಷಯ ಯಾರೂ ಹೇಳಿಲ್ಲ. ಜರ್ಮನಿಯ ನಾಗ ಬಹಳ ಕಾರಣಿಕದವನು, ಗಂಜಿಗೂ ಒಲಿದ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

ನಾನೇನೂ ಬದಲಾಗಿಲ್ಲ. ಇದು ಶುದ್ಧ ಕಾಕತಾಳೀಯ, ಒಬ್ಬ ಒಳ್ಳೆಯ ಮುದುಕ, ಒಬ್ಬ ಒಳ್ಳೆಯ ಅಜ್ಜಿ, ಅಷ್ಟೇ. ಚೇತನ್ ಬಳಿ ವಾದ ಮಾಡಿ ಗೆದ್ದಿದ್ದೇನೆ ಕೂಡ.

ಆದರೆ ನನ್ನ ಪರ್ಮನೆಂಟ್ ರೆಸಿಡೆನ್ಸ್ ಅರ್ಜಿ ಇನ್ನೂ ಅಲ್ಲೇ ಕೂತಿದೆ. ನಾಳೆ ಶನಿವಾರ, ಹವೆ ಚೆನ್ನಾಗಿದೆ, ಒಬ್ಬಳೇ ಆ ಕಡೆ ಸುಮ್ಮನೆ ಒಂದು ವಾಕ್ ಹೋಗಿಬರೋಣ ಎಂದಿದ್ದೇನೆ. ಬ್ಯಾಗಿನಲ್ಲಿ ಒಂದು ಲೀಟರ್ ಹಸುವಿನ ಹಾಲಿದೆ, ಗಟ್ಟಿ ಕೆನೆಯದು. ಹಾವಾದರೂ ಹಂಸವಾದರೂ ಬೇಡ ಅನ್ನುತ್ತದೆಯೇ?