ಮನಸ್ಸು ಹೇಳ್ತೈತೆ ಅಂದರೆ, ಯಾರ ಮನಸ್ಸು?

ನನ್ನ ತಂಗಿ ಗಿರಿಜೆಗೆ ಒಂದೇ ವಾರದಲ್ಲಿ ಎರಡು ಕೆಲಸ ಸಿಕ್ಕವು. ಒಂದು, ಜವನಗೊಂಡನಹಳ್ಳಿಯಲ್ಲಿ ಮೇಷ್ಟ್ರ ಕೆಲಸ. ಇನ್ನೊಂದು, ಚಿತ್ರದುರ್ಗದಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಒಂದೂ ಸಿಗದ ಮನೆಗಳಲ್ಲಿ ದುಃಖವಿರುತ್ತದೆ. ಎರಡು ಸಿಕ್ಕ ನಮ್ಮ ಮನೆಯಲ್ಲಿ ಜಗಳ ಶುರುವಾಯಿತು.

ಹೊಳಲ್ಕೆರೆಯ ನಮ್ಮ ಪಡಸಾಲೆಯಲ್ಲಿ ಸಭೆ ಸೇರಿತು. ಭರಮಸಾಗರದಿಂದ ಸೋದರಮಾವ ಬಂದರು. ಕೂಗಾಡಿ ಕೂಗಾಡಿ ಕೊನೆಗೆ ಎಲ್ಲರಿಗೂ ಮೇಷ್ಟ್ರ ಕೆಲಸವೇ ಇಷ್ಟವಾಯಿತು. (ನನಗೂ. ರಜೆ ಜಾಸ್ತಿಯಲ್ಲವೇ?) ಗಿರಿಜೆ ಕಾಫಿ ಕೊಡುತ್ತಿದ್ದಳು.

"ದೇವರನ್ನೂ ಒಂದು ಮಾತು ಕೇಳಾಣ" ಎಂದರು ಅಪ್ಪ.

ನಮ್ಮ ಕಡೆ ಹೂ ಕೇಳುವುದು ನಿಮಗೆ ಗೊತ್ತೇ ಇದೆ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಬಲದ ಹೂ ಮೊದಲು ಬಿದ್ದರೆ ಸ್ಕೂಲು, ಎಡದ್ದು ಬಿದ್ದರೆ ಟೆಲಿಫೋನು ಎಂದು ನಿರ್ಧಾರವಾಯಿತು. ಕೈಮುಗಿದು ಕಾದೆವು. ಬಲದ ಹೂ ಬಿತ್ತು. ಅಪ್ಪ ಕಣ್ಣಿಗೊತ್ತಿಕೊಂಡರು.

ಗುಡಿಯಿಂದ ಹೊರಗೆ ಬಂದ ಮೇಲೆ ಗಿರಿಜೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮುಖ ಸಪ್ಪಗಾಗಿತ್ತು.

"ಅಪ್ಪ, ಅಷ್ಟೊತ್ತೂ ನಾನು ಎಡಗಡೆ ಹೂವನ್ನೇ ನೋಡ್ತಿದ್ದೆ. ಅದು ಬೀಳ್ಲಿ ಅಂತಿದ್ದೆ. ನಾನು ದುರ್ಗಕ್ಕೆ ಹೋಗ್ತೀನಿ."

"ಯಾಕೆ? ಕಾರಣ ಹೇಳು."

"ಕಾರಣ ಗೊತ್ತಿಲ್ಲ. ಮನಸ್ಸು ಹೇಳ್ತೈತೆ."

"ಇದಕ್ಕೆ ಹಠ ಅಂತಾರೆ ಕಣಮ್ಮ" ಎಂದರು ಮಾವ.

ಇಲ್ಲಿ ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ತಾಲ್ಲೂಕು ಕಚೇರಿಯ ಗುಮಾಸ್ತಿಕೆ ಬಿಟ್ಟು ಮಂಡಕ್ಕಿ ಭಟ್ಟಿ ಹಾಕಿದಾಗ ಅವರು ಕೊಟ್ಟ ಕಾರಣ, "ಯಾಕೋ ಮನಸ್ಸು ಹೇಳ್ತೈತೆ." ಭಟ್ಟಿ ಮುಚ್ಚಿ ಸೈಕಲ್ ಅಂಗಡಿ ಇಟ್ಟಾಗಲೂ ಅದೇ ಕಾರಣ. ಅಮ್ಮ ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ. ಗಂಡಸಿನ ಮನಸ್ಸು ಹೇಳಿದ್ದಕ್ಕೆ ಯಾರಾದರೂ ಕಾರಣ ಕೇಳುತ್ತಾರೆಯೇ?

ಆದರೆ ಅವತ್ತು ಗುಡಿಯ ಮುಂದೆ ಅಮ್ಮ ಬಾಯಿಬಿಟ್ಟಳು.

"ನೀವು ಭಟ್ಟಿ ಹಾಕಿದಾಗ ದೇವರನ್ನ ಕೇಳಿದ್ರೇನು?"

ಅಪ್ಪ ಚಪ್ಪಲಿ ಹುಡುಕತೊಡಗಿದರು. (ಕಾಲಲ್ಲೇ ಇದ್ದವು.) ಮರುವಾರ ಅವರೇ ಗಿರಿಜೆಯ ಟ್ರಂಕು ಹೊತ್ತು ಬಸ್ ಹತ್ತಿಸಿದರು.

ಮೊನ್ನೆ ಗಿರಿಜೆ ರಜಕ್ಕೆ ಬಂದಿದ್ದಳು. "ಹೆಂಗೈತೆ ಕೆಲ್ಸ?" ಎಂದೆ.

"ಕಿವಿ ನೋಯ್ತದೆ. ಲೈನ್ ಸಿಗದಿದ್ರೆ ಜನ ನಂಗೇ ಬೈತಾರೆ" ಎಂದಳು. "ಆದ್ರೂ ಬೆಳಗ್ಗೆ ಎದ್ದರೆ ಕೆಲ್ಸಕ್ಕೆ ಯಾವಾಗ ಹೋಗ್ತೀನೋ ಅನ್ಸುತ್ತೆ ಅಣ್ಣ."

ಅಪ್ಪ ಈಗ ಅಂಗಡಿಗೆ ಬಂದವರಿಗೆಲ್ಲ, "ಟೆಲಿಫೋನ್ ಕೆಲ್ಸಾನೇ ಸರಿ ಅಂತ ನನ್ನ ಮನಸ್ಸು ಮೊದ್ಲೇ ಹೇಳಿತ್ತು ಬಿಡ್ರಿ" ಎನ್ನುತ್ತಿದ್ದಾರೆ. ಗಿರಿಜೆ ಕೇಳಿಸಿಕೊಂಡು ನಗುತ್ತಾಳೆ, ಅಷ್ಟೇ.

ಗಿರಿಜೆ ಬಂದ ದಿನವೇ ಮಾವ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ನರ್ಸಿಂಗ್ ಸೇರಬೇಕೋ, ಬೆರಳಚ್ಚು ಕಲಿಯಬೇಕೋ ಎಂಬ ಪ್ರಶ್ನೆ.

"ಭಾವ, ನಿಮ್ಮ ಮನಸ್ಸು ಏನು ಹೇಳ್ತೈತೆ?" ಎಂದರು.

ಹುಡುಗಿ ಎದುರಿಗೇ ಕೂತಿದ್ದಳು. ಅಪ್ಪ ಗಂಭೀರವಾಗಿ ಕಣ್ಣು ಮುಚ್ಚಿದರು.

ಕಲಿಯಲು ಹೋಗುವವಳನ್ನೇ ಒಂದು ಮಾತು ಕೇಳುವುದಕ್ಕೆ ಕಣ್ಣು ಮುಚ್ಚಬೇಕೇನ್ರೀ?