ಎದೆಗೆ ಕಟ್ಟಿಕೊಂಡ ರಾಗಿ

ಬಟವಾಡಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಹೆಸರು ರೇಣುಕಾಪ್ರಸಾದ್. ವಯಸ್ಸು ಐವತ್ತರ ಹತ್ತಿರ, ಹೊಟ್ಟೆ ಅದಕ್ಕಿಂತ ಸ್ವಲ್ಪ ಮುಂದೆ. ಅಂಗಡಿ ಇಟ್ಟಾಗಿನಿಂದ ಈ ಕೈಗಳು ಎತ್ತಿರುವ ಅತಿ ಭಾರದ ವಸ್ತು ಎಂದರೆ ದಪ್ಪ ಗಾಜಿನ ಕನ್ನಡಕ. ಅದನ್ನೂ ಒರೆಸಿ ಗಿರಾಕಿಯ ಮೂಗಿನ ಮೇಲೆ ಕೂರಿಸಿಬಿಟ್ಟರೆ ಮುಗಿಯಿತು, ಆಮೇಲಿನ ಭಾರ ಅವರದು. ಇಂಥವನು ಎದೆಗೂ ಬೆನ್ನಿಗೂ ರಾಗಿ ಕಟ್ಟಿಕೊಂಡು ಬೆಳಗಾಗೆದ್ದು ಮನೆ ಮೆಟ್ಟಿಲು ಹತ್ತಿ ಇಳಿಯುವುದನ್ನು ಬೀದಿಯವರೆಲ್ಲ ನೋಡಿದ್ದಾರೆ. ಕೇಳಿದವರಿಗೆ ಶುಗರ್ ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ. ನಿಜವಾದ ಕಾರಣ ಶುರುವಾದದ್ದು ಚೇಳೂರಿನಲ್ಲಿ.

ಚೇಳೂರು ನನ್ನ ಹೆಂಡತಿ ಸುಮನಾಳ ತವರು. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನನ್ನ ಮಾವ ಮಹಾದೇವಯ್ಯನವರು ಅಲ್ಲಿ ಲಿಂಗೈಕ್ಯರಾದರು. ನಮ್ಮಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ, ನಾಲ್ಕೂ ಕಡೆ ಹೆಗಲು ಕೊಟ್ಟು ತೋಟದವರೆಗೆ ಹೊರುತ್ತೇವೆ. ಕೂತವರನ್ನು ಹೊರುವುದರಲ್ಲಿ ಒಂದು ತೊಂದರೆ ಇದೆ. ಹೊತ್ತವನ ಕಾಲು ಸ್ವಲ್ಪ ಸೋತರೂ ಊರಿಗೆಲ್ಲ ಕಾಣುತ್ತದೆ. ಹಿರಿಯ ಅಳಿಯ ಅಂತ ಮುಂದಿನ ಬಲಗಡೆಯ ಹೆಗಲನ್ನು ನನಗೆ ಬಿಟ್ಟುಕೊಟ್ಟರು. ಎತ್ತುವಾಗ ಏನೂ ಅನ್ನಿಸಲಿಲ್ಲ, ಸುಳ್ಳೇಕೆ, ಸ್ವಲ್ಪ ಜಂಬವೇ ಆಯಿತು. ಊರು ದಾಟುವ ಹೊತ್ತಿಗೆ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು, ಮೊಣಕಾಲು ಬಗ್ಗಿತು, ವಿಮಾನ ನನ್ನ ಕಡೆಗೆ ವಾಲಿತು. ಇದ್ದಷ್ಟು ದಿನ ನನ್ನನ್ನು ಓರೆಗಣ್ಣಿನಲ್ಲಿ ಮಾತ್ರ ನೋಡಿದ್ದ ಮಾವನವರು ಅವತ್ತು ತಲೆ ಬಗ್ಗಿಸಿ ಪೂರ್ತಿಯಾಗಿ ನೋಡಿದಂತಾಯಿತು.

ಹಿಂದೆ ಹೆಗಲು ಕೊಟ್ಟಿದ್ದ ಸುಮನಾಳ ತಮ್ಮ ಉದಯಕುಮಾರ್, ತನ್ನ ಜಾಗಕ್ಕೆ ಇನ್ನೊಬ್ಬರನ್ನು ಕರೆದು ಮುಂದೆ ಬಂದ. ತೆಂಗಿನ ತೋಟದಲ್ಲಿ ದುಡಿದ ಮೈ ಅವನದು. ನನ್ನ ಪಕ್ಕಕ್ಕೆ ತನ್ನ ಹೆಗಲು ತೂರಿಸಿ ಮೆಲ್ಲಗೆ ಅಂದ, "ಭಾವ, ನೀವ್ ಬುಡಿ. ಪಕ್ಕಕ್ ಬನ್ನಿ. ಮುಂದ್ ಹೋಗಿ ಜಾಗಟೆ ಹೊಡೀರಿ ಸಾಕು."

ಅವನು ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಒಳ್ಳೆಯವನು, ಅದೇ ನನಗೆ ಕಷ್ಟವಾದದ್ದು. ಯಾರೋ ನನ್ನ ಕೈಗೆ ಜಾಗಟೆ ಕೊಟ್ಟರು. ಅದನ್ನು ಬಾರಿಸುತ್ತಾ ನಡೆಯುವುದಕ್ಕೂ ದಮ್ಮು ಸಾಲದೆ, ಅದೂ ತೋಟ ಸೇರುವ ಮುಂಚೆ ಬೇರೆಯವರ ಕೈ ಸೇರಿತು.

ವಾಪಸು ಬರುವಾಗ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ನನ್ನ ಅಮ್ಮ ಬಸವಲಿಂಗಮ್ಮ ಕೂತಿದ್ದಳು. ಅಮೃತೂರಿನ ಹೆಂಗಸು, ಎಂಬತ್ತು ಮುಟ್ಟುತ್ತಿದ್ದಾಳೆ. ಬಾಯಿ ಗಟ್ಟಿಯಾಗಿದೆ, ಮಂಡಿ ಮಾತ್ರ ಹೋಗಿದೆ. ದಾರಿಯುದ್ದಕ್ಕೂ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಗುಬ್ಬಿ ದಾಟುವಾಗ ಅವಳ ಹಿಂದಲೆ ನೋಡುತ್ತಾ ನನಗೊಂದು ಯೋಚನೆ ಬಂತು. ಇವಳಿಗೆ ನಾನೊಬ್ಬನೇ ಮಗ. ಇವಳ ದಿನ ಬಂದಾಗ ಈ ಹೆಗಲು ಏನು ಮಾಡುತ್ತದೆ? ಯಾರೋ ಒಬ್ಬರು "ಪಕ್ಕಕ್ ಬನ್ನಿ" ಅಂದು ನನ್ನ ಅಮ್ಮನನ್ನು ನನ್ನಿಂದ ಇಸಿದುಕೊಳ್ಳುತ್ತಾರೆ. ಅದೊಂದು ಆಗಬಾರದು, ಮನೆಯಿಂದ ಕೊನೆಯವರೆಗೆ ಹೆಗಲು ಬದಲಾಯಿಸದೆ ನಾನೇ ಹೊರಬೇಕು ಅಂತ ತೀರ್ಮಾನ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ಮಾತೂ ಅಲ್ಲ.

ಮೊದಲು ಜಿಮ್ಮಿಗೆ ಹೋದೆ. ಬಾಗಿಲಲ್ಲಿದ್ದವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಂಕಲ್, ಮಗನ್ನ ಸೇರಿಸ್ಬೇಕಾ?" ಅಂದ. ವಿಚಾರಿಸಿಕೊಂಡು ಬರುತ್ತೇನೆ ಅಂತ ಹೇಳಿ ಬಂದವನು ಮತ್ತೆ ಆ ರಸ್ತೆಯಲ್ಲಿ ಹೋಗಿಲ್ಲ. ನನಗೆ ಮಗನೂ ಇಲ್ಲ.

ಆಮೇಲೆ ನನ್ನ ಗುರು ಎಂದರೆ ಮೊಬೈಲು. ಅದರಲ್ಲಿ ಒಬ್ಬ ವಿವರಿಸುತ್ತಿದ್ದ. ಎತ್ತುವುದಕ್ಕೆ ಬೇಕಾದ ಬಲವೇ ಬೇರೆ, ಎತ್ತಿದ್ದನ್ನು ಹೊತ್ತು ನಡೆಯುವುದಕ್ಕೆ ಬೇಕಾದ ದಮ್ಮೇ ಬೇರೆ. ಬಹಳ ಜನ ಒಂದನ್ನು ಸಾಧಿಸಿ ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ಮನೆಯಲ್ಲೇ ತೂಕದ ವೆಸ್ಟು ಹಾಕಿಕೊಂಡು ಎರಡನ್ನೂ ಒಟ್ಟಿಗೆ ಸಾಧಿಸಬಹುದು. ನಿಧಾನವಾಗಿ ಬಸ್ಕಿ, ಗೋಡೆಗೆ ಕೈ ಕೊಟ್ಟು ದಂಡ, ಅದು ಮುಗಿದ ಕೂಡಲೇ ಕೂರದೆ ಮೆಟ್ಟಿಲು ಹತ್ತಿ ಇಳಿಯುವುದು. ಮತ್ತೆ ಮೊದಲಿಂದ. ನನಗೆ ಚೇಳೂರು ಕಣ್ಣ ಮುಂದೆ ಬಂತು. ಎತ್ತಿದ್ದೆ, ನಡೆಯಲಾಗಲಿಲ್ಲ. ಈ ಮನುಷ್ಯ ಅವತ್ತು ಅಲ್ಲೇ ಎಲ್ಲೋ ನಿಂತು ನೋಡಿದ್ದಾನೆ ಅನ್ನಿಸಿತು.

ವೆಸ್ಟು ತರಿಸಿದೆ. ತೋಳಿಲ್ಲದ ದಪ್ಪ ಕೋಟು, ಹಿಂದೆ ಮುಂದೆ ಸಾಲಾಗಿ ಸಣ್ಣ ಜೇಬುಗಳು. ಆದರೆ ಜೇಬೆಲ್ಲ ಖಾಲಿ. ಮರಳು ನಾವೇ ತುಂಬಿಕೊಳ್ಳಬೇಕಂತೆ. ಬಟವಾಡಿಯಲ್ಲಿ ಮರಳಿಗೆ ಯಾರ ಮನೆ ಬಾಗಿಲು ತಟ್ಟಲಿ? ನಡುಮನೆಯ ಮೂಲೆಯಲ್ಲಿ ಉದಯಕುಮಾರ್ ಕಳಿಸಿದ ರಾಗಿ ಮೂಟೆ ಇತ್ತು. ಸೇರಿನಲ್ಲಿ ಅಳೆದು ತುಂಬಿಯೇಬಿಟ್ಟೆ.

ಮೊಬೈಲಿನವನು ಮೊದಲು ಕಾಲು ಭಾಗ ತುಂಬಿ ಅಂದಿದ್ದ. ಸಮಾಧಾನ ನನ್ನ ಜಾತಕದಲ್ಲಿಲ್ಲ, ಎಲ್ಲ ಜೇಬೂ ತುಂಬಿಸಿದೆ. ಕೊರಳಲ್ಲಿದ್ದ, ಲಿಂಗವಿಟ್ಟ ಬೆಳ್ಳಿ ಕರಡಿಗೆ ಒತ್ತದಂತೆ ಪಕ್ಕಕ್ಕೆ ಸರಿಸಿ, ಶಿವಾ ಅಂತ ಮೊದಲನೇ ಬಸ್ಕಿಗೆ ಕೂತೆ. ಕೂತೆ ಅನ್ನುವುದಷ್ಟೇ ನಿಜ, ಏಳಲಿಲ್ಲ. ಸುಮನಾ ಕಾಫಿ ತಂದವಳು ಲೋಟ ಕೆಳಗಿಟ್ಟು, ವೆಸ್ಟಿನ ಎರಡೂ ಭುಜ ಹಿಡಿದು ಎತ್ತಿ ನಿಲ್ಲಿಸಿದಳು.

"ರೀ, ಶುಗರ್‌ಗೆ ವಾಕಿಂಗ್ ಹೋದ್ರೆ ಸಾಕಲ್ವಾ?" ಅಂದಳು. ನಾನು ಕಾಫಿ ಕುಡಿದೆ.

ಮಾರನೆಯ ದಿನದಿಂದ ಬುದ್ಧಿ ಬಂತು. ಅರ್ಧ ರಾಗಿ ತೆಗೆದೆ. ಒಂದು ದಿನ ಮಾಡಿ ಒಂದು ದಿನ ಬಿಟ್ಟೆ. ಕಷ್ಟ ಕಡಿಮೆ ಅನ್ನಿಸಿದಾಗ ಒಂದೊಂದೇ ಹಿಡಿ ಸೇರಿಸಿದೆ. ನಮ್ಮ ಮನೆಯ ಮೆಟ್ಟಿಲು ಹೊರಗಡೆ ಇದೆ, ಮಧ್ಯದಲ್ಲೊಂದು ತಿರುವು, ಮೇಲೆ ತಾರಸಿ. ಮಂಡಿ ಹೋದ ಮೇಲೆ ಅಮ್ಮ ಆ ಮೆಟ್ಟಿಲ ಕಡೆ ತಲೆ ಹಾಕಿರಲಿಲ್ಲ. ಸುಮನಾ ಮೇಲೆ ಸಂಡಿಗೆ ಹಾಕಿದರೆ ಇವಳು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಬಿಸಿಲು ಎತ್ತ ಇದೆ, ಬಟ್ಟೆ ಎತ್ತ ಎಳೆಯಬೇಕು ಅಂತ ಕೂಗಿ ಹೇಳುತ್ತಿದ್ದಳು. ಈಗ ಅದೇ ಕುರ್ಚಿಯಲ್ಲಿ ಕೂತು, ನಾನು ಏದುಸಿರು ಬಿಡುತ್ತಾ ಹತ್ತಿ ಇಳಿಯುವುದನ್ನು ನೋಡುತ್ತಿದ್ದಳು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ.

ಜೇಬುಗಳಿಂದ ರಾಗಿ ಸೋರಿ ಮೆಟ್ಟಿಲ ಮೇಲೆಲ್ಲ ಪಾರಿವಾಳ ಬರತೊಡಗಿದವು. ಸುಮನಾ ಬೇಸತ್ತು ಎಲ್ಲ ಜೇಬಿನ ಬಾಯನ್ನೂ ದಾರದಲ್ಲಿ ಭದ್ರವಾಗಿ ಹೊಲಿದಳು. ಮಳೆಗಾಲ ಬಂದ ಮೇಲೆ ವೆಸ್ಟು ಬೆವರಿಗೆ ನಾರತೊಡಗಿತು. ಅದು ಒಳಗೆ ಬಂದರೆ ತಾನು ಹೊರಗೆ ಹೋಗುವುದಾಗಿ ಅವಳು ತಿಳಿಸಿದಳು. ಹೊಲಿಗೆ ಬಿಚ್ಚಲು ಸೋಮಾರಿತನ. ಸಾಬೂನು ಹಾಕಿದರೆ ರಾಗಿ ಹಾಳಾಗುತ್ತದಲ್ಲ ಎಂಬ ಜಾಣತನ ಬೇರೆ. ಬರೀ ನೀರು ತುಂಬಿದ ಬಕೆಟ್ಟಿನಲ್ಲಿ ಇಡೀ ವೆಸ್ಟು ಅದ್ದಿಟ್ಟೆ. ಮಾರನೆಯ ದಿನ ನೀರು ಬಸಿದು, ಬಿಸಿಲಿಲ್ಲವಲ್ಲ ಅಂತ ಅದೇ ಬಕೆಟ್ಟಿನಲ್ಲಿ ಬಿಟ್ಟು ಅಂಗಡಿಗೆ ಹೋದೆ. ಹೋದವನು ಮರೆತೆ.

ನೆನೆಸಿ, ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿ ಏನಾಗುತ್ತದೆ ಅನ್ನುವುದು ನಮ್ಮ ಸೀಮೆಯ ಕೋಳಿಗೂ ಗೊತ್ತು. ಅಮೃತೂರಿನ ರಾಗಿ ಹೊಲದ ಬದುವಿನಲ್ಲಿ ಬೆಳೆದ ನನಗೆ ಹೊಳೆಯಲಿಲ್ಲ. ಭಾನುವಾರ ಬೆಳಿಗ್ಗೆ ವೆಸ್ಟು ಎತ್ತಿ ನೋಡಿದರೆ ಪ್ರತಿ ಹೊಲಿಗೆಯ ಸಂದಿನಿಂದಲೂ ಬೆಳ್ಳಗೆ ಮೊಳಕೆ ಇಣುಕುತ್ತಿತ್ತು.

ಅಮ್ಮ ಕುರ್ಚಿಯಿಂದಲೇ ಕೈ ಚಾಚಿ ವೆಸ್ಟು ಇಸಿದುಕೊಂಡಳು. ಬೆರಳಿನಿಂದ ಮೊಳಕೆ ಸವರಿ, ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದಳು. "ಬೆಳೆ ಚೆನ್ನಾಗ್ ಬಂದೈತೆ ಕಣೋ ಪ್ರಸಾದ. ನಾಟಿ ಮಾಡೋದೊಂದ್ ಬಾಕಿ."

ಸುಮನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮ್ಮ ನಗಲಿಲ್ಲ. "ಈಗ್ ಹೇಳು. ಇದ್ನ ಎದೆಗ್ ಕಟ್ಕಂಡು ಯಾಕ್ಲಾ ಕುಣೀತಿದ್ದೆ? ಶುಗರ್ರು ಅನ್ಬ್ಯಾಡ. ಹಬ್ಬದಲ್ಲಿ ನೀನ್ ಎಷ್ಟು ಹೋಳಿಗೆ ತಿಂದೆ ಅಂತ ನಂಗೊತ್ತು."

"ಚೇಳೂರಲ್ಲಿ, ಅಮ್ಮ... ಮಾವನ ವಿಮಾನ..." ಅಂದೆ. ಹೆತ್ತ ತಾಯಿಗೆ ಮುಂದಿನದನ್ನು ಹೇಗೆ ಹೇಳುವುದು? "ಮುಂದೆ ಯಾವತ್ತೋ... ನಿನ್ನ..." ಅಂತ ತೊದಲಿದೆ.

ಅಮ್ಮ ನನ್ನನ್ನು ನೋಡಿದಳು, ವೆಸ್ಟನ್ನು ನೋಡಿದಳು. "ನನ್ನ ಹೊರಾಕೆ ಪ್ರಾಕ್ಟೀಸಾ?" ಅಂದವಳೇ ಕೆಮ್ಮು ಬರುವವರೆಗೂ ನಕ್ಕಳು. ಸುಮನಾ ಓಡಿಹೋಗಿ ನೀರು ತಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನೀರು ಕುಡಿದು ಅಮ್ಮ ಸಮಾಧಾನವಾಗಿ ಅಂದಳು, "ಅವತ್ತು ನಾನೂ ನೋಡ್ದೆ ಕಣೋ. ಕಾರಲ್ಲಿ ನಿನ್ ಮುಖ ನೋಡಾಕೆ ಆಗದೆ ಮುಂದೆ ಕೂತ್ಕಂಡೆ." ಲೋಟ ಸುಮನಾಳ ಕೈಗೆ ಕೊಟ್ಟು, "ಸತ್ ಮೇಲೆ ನೀನ್ ಹೊತ್ತೋ, ಇಳಿಸ್ದೋ, ನಂಗೇನ್ ಗೊತ್ತಾಗ್ತದೆ? ಹೊರೋದಾದ್ರೆ ಈಗ್ ಹೊರು. ಬಿಸಿಲು ಬಂದೈತೆ. ಈ ರಾಗಿನ ತಾರಸಿ ಮೇಲೆ ಒಣಗ್ಸಿ ಎದುರುಮನೆ ಹಸೂಗೆ ಹಾಕಾನ. ನೀವಿಬ್ರೂ ಹರಡಿದ್ರೆ ಗುಡ್ಡೆ ಗುಡ್ಡೆ ಹರಡ್ತೀರ, ಬೂಷ್ಟು ಹಿಡೀತದೆ. ನಾನೇ ಬರ್ತೀನಿ" ಅಂದಳು.

ಸುಮನಾ ಜೇಬಿನ ಹೊಲಿಗೆ ಬಿಚ್ಚಿ ರಾಗಿಯನ್ನೆಲ್ಲ ಮೊರಕ್ಕೆ ಸುರಿದಳು. ನಾನು ಮೆಟ್ಟಿಲ ಮುಂದೆ ಬೆನ್ನು ಕೊಟ್ಟು ಬಸ್ಕಿಗೆ ಕೂತೆ. ಅಮ್ಮ ಉಪ್ಪುಮೂಟೆ ಹತ್ತಿದಳು, ನನ್ನ ಕೊರಳು ಬಳಸಿ ಹಿಡಿದಳು. ಈ ಸಲ ಎದ್ದೆ. ಅಮೃತೂರಿನಲ್ಲಿ ಕೆಸರು ಗದ್ದೆ ದಾಟುವಾಗ ಅವಳು ನನ್ನನ್ನು ಹೀಗೇ ಹೊತ್ತು ಬರುತ್ತಿದ್ದಳು. ಆಗ ನಾನು ಬೆನ್ನ ಮೇಲೆ ಕುಣಿಯುತ್ತಿದ್ದೆ. ಈಗ ಅವಳು ಅಲುಗಾಡದೆ ಕೂತಿದ್ದಳು. ಅವಳ ಕೊರಳಿನ ಲಿಂಗದ ಕರಡಿಗೆ ನನ್ನ ಬೆನ್ನಿಗೆ ಒತ್ತುತ್ತಿತ್ತು. ಇಷ್ಟು ಹಗುರವಾಗಿದ್ದಾಳಾ ಅಂತ ಹೆದರಿಕೆಯಾಯಿತು. ಹಿಂದೆ ಸುಮನಾ ರಾಗಿ ಮೊರ ಹಿಡಿದು ಬಂದಳು.

ತಿರುವಿನವರೆಗೆ ಹುಲಿಯ ಹಾಗೆ ಹತ್ತಿದೆ. ತಿರುವಿನಲ್ಲಿ ಹುಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅದೇ ಉಸಿರು, ಅದೇ ಗಂಟಲು. ಗೋಡೆಗೆ ಒರಗಿ ನಿಂತೆ. ಇಷ್ಟು ತಿಂಗಳ ರಾಗಿಯೆಲ್ಲ ನೀರುಪಾಲಾಯಿತು ಅಂತ ಅಳು ಬಂದಹಾಗಾಯಿತು.

"ರೀ, ಇಳಿಸಿ, ನಾನೊಂದ್ ಕಡೆ ಹಿಡ್ಕೋತೀನಿ," ಅಂತ ಸುಮನಾ ಮೊರ ಕೆಳಗಿಟ್ಟಳು.

"ನೀನ್ ಸುಮ್ಕಿರವ್ವ, ಅವ್ನು ಸುಧಾರಿಸ್ಕಳ್ಲಿ," ಅಂದಳು ಅಮ್ಮ. ಆಮೇಲೆ ನನ್ನ ಕಿವಿಯ ಹತ್ತಿರ, "ನಿಧಾನ ಕಣೋ. ನಂಗೇನ್ ಆತುರ ಇಲ್ಲ."

ಸುಧಾರಿಸಿಕೊಂಡೆ. ಉಸಿರು ತಾನಾಗಿ ಇಳಿಯಿತು, ಅದನ್ನು ರಾಗಿ ಕಲಿಸಿತ್ತು. ಉಳಿದ ಮೆಟ್ಟಿಲುಗಳನ್ನು ಹತ್ತಿ, ತಾರಸಿಯ ಕಟ್ಟೆಯ ಮೇಲೆ ಅಮ್ಮನನ್ನು ಕೂರಿಸಿ ನಾನು ನೆಲಕ್ಕೆ ಕುಸಿದೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ಹೆದ್ದಾರಿಯನ್ನೂ ಹೊಸದಾಗಿ ಎದ್ದ ಕಟ್ಟಡಗಳನ್ನೂ ದೂರದ ದೇವರಾಯನದುರ್ಗವನ್ನೂ ನೋಡಿದಳು. ಅಷ್ಟೊಂದು ಮನೆಗಳು ಯಾವಾಗ ಬಂದವು ಅಂತ ಸುಮನಾಳನ್ನು ಕೇಳಿದಳು. ಆಮೇಲೆ ಮೊರ ಎಳೆದುಕೊಂಡು, ಪಕ್ಕದಲ್ಲಿ ಸುಮನಾ ಹಾಸಿದ ಬಟ್ಟೆಯ ಮೇಲೆ ರಾಗಿಯನ್ನು ತೆಳ್ಳಗೆ, ಒಂದು ಕಾಳಿನ ಮೇಲೆ ಇನ್ನೊಂದು ಕೂರದ ಹಾಗೆ ಹರಡತೊಡಗಿದಳು.

"ಪ್ರಸಾದ," ಅಂದಳು, ಕೈ ನಿಲ್ಲಿಸದೆ. "ನನ್ ದಿನ ಬಂದಾಗ ಹೆಗಲು ಬದಲಾಯ್ಸ್ಬೇಕಾದ್ರೆ ಬದಲಾಯ್ಸ್ಕೋ ಬುಡು. ಉದಯನೂ ಸ್ವಲ್ಪ ಹೊರ್ಲಿ. ನೀನ್ ನನ್ ಹೊತ್ತಾಯ್ತು."

ನಾನು ಕನ್ನಡಕ ತೆಗೆದು ಬನಿಯನ್ನಿನ ತುದಿಯಿಂದ ಒರೆಸಿದೆ. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಒರೆಸಿ ಹಾಕಿಕೊಂಡರೂ ಅಮ್ಮ ಮಂಜಾಗಿಯೇ ಕಂಡಳು.