ಪಂಚೆಯ ಮೇಲೆ ಬಿದ್ದ ಹಳದಿ

ನನ್ನ ಬಾಯಿಗೆ ಹೇಲು ಬಿದ್ದಿದೆ. ಬೈಗುಳಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಬಿದ್ದಿದೆ. ತೀರ್ಥವೆಂದು ಕೊಟ್ಟದ್ದನ್ನು ಅಂಗೈಯಲ್ಲಿ ಹಿಡಿದು ಕುಡಿದೆ. ಇಷ್ಟು ವರ್ಷವಾದರೂ ನೆನೆದರೆ ಗಂಟಲಲ್ಲಿ ಹುಳಿ ಬಂದ ಹಾಗಾಗುತ್ತದೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಸಾಸ್ವೆಹಳ್ಳಿ ಕಡೆಯ ಹೊಳೆ ಸೀಮೆಯಿಂದ ನನ್ನನ್ನು ಜಗಳೂರು ಹತ್ತಿರದ ಹಳ್ಳಿಗೆ ಕೊಟ್ಟರು. ಹೊಳೆಯಲ್ಲಿ ಮುಳುಗಿ ಏಳುತ್ತಿದ್ದವಳಿಗೆ ಇಲ್ಲಿ ಸ್ನಾನಕ್ಕೆ ಒಂದು ಕೊಡ ನೀರು, ಅದರ ತಳದಲ್ಲಿ ಕೆಸರು. ದಸರೆಯ ಹೊತ್ತಿಗೆ ಹೊಲಗಳ ಅಂಚಿನಲ್ಲೆಲ್ಲ ಹುಚ್ಚೆಳ್ಳು ಹೂ ಬಿಟ್ಟು ಸೀಮೆಗೆ ಸೀಮೆಯೇ ಹಳದಿಯಾಗುತ್ತಿತ್ತು. ನೋಡುವವರಿಗೇನೋ ಚೆಂದ. ನಾನು ಅದರ ನಡುವೆ ನಾಲ್ಕು ಹೆಜ್ಜೆ ಇಟ್ಟರೆ ಹೂವಿನ ಪುಡಿ ಮೂಗಿಗೆ ಹತ್ತಿ, ಸೀನಿ ಸೀನಿ ಕಣ್ಣು ಊದಿ, ಮೂಗು ಸೋರಿ, ಸೆರಗೆಲ್ಲ ಅಂಟಂಟು. ನನಗೇ ನನ್ನ ಮೈ ಹೇಸಿಗೆಯಾಗುತ್ತಿತ್ತು. ನಾನು ಸೀನಿದಾಗಲೆಲ್ಲ ಹೊರಗೆ ಹೊರಟ ಮಾವ ತಿರುಗಿ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಅತ್ತೆ ನನ್ನ ಮುಖ ನೋಡುತ್ತಿದ್ದರು.

ಆ ಹೂವಿನ ಕಾಲಕ್ಕೆ ಸರಿಯಾಗಿ ಊರಮ್ಮನ ಗುಡಿಯ ಆಲದಮರಕ್ಕೆ ಹೆಜ್ಜೇನು ಬಂದು ಕೂರುತ್ತಿತ್ತು. ಮೊರದಗಲದ ಹುಟ್ಟುಗಳು ಕೊಂಬೆಗಳಿಂದ ಜೋತು ಬಿದ್ದಿರುತ್ತಿದ್ದವು. ಹುಳ ಬಂದ ವರ್ಷ ಹುಚ್ಚೆಳ್ಳು ಕಾಳು ಕಟ್ಟುತ್ತದೆ, ಬಾರದ ವರ್ಷ ಬರೀ ಜೊಳ್ಳು ಎಂದು ಮಾವ ಹೇಳುತ್ತಿದ್ದರು. ಆದ್ದರಿಂದ ಆ ಮರಕ್ಕೆ ಯಾರೂ ಹೊಗೆ ಹಾಕುತ್ತಿರಲಿಲ್ಲ.

ನಾನು ಬಂದ ಎರಡನೆಯ ವರ್ಷ ಮಾವನ ಪಂಚೆಯ ಮೇಲೆ ಹಳದಿ ಚುಕ್ಕೆಗಳು ಕಂಡವು. ಬಟ್ಟೆಗೆ ಬರ ಬಂದಿದ್ದ ದಿನಗಳು ಅವು. ಕಂಟ್ರೋಲ್ ಅಂಗಡಿಯ ಮುಂದೆ ದಿನವಿಡೀ ನಿಂತು ತಂದ ಪಂಚೆ. ಅತ್ತೆ ಅದನ್ನು ಮಡಿವಾಳಗಿತ್ತಿಯ ಮುಖದ ಮೇಲೆ ಬೀಸಿ ಎಸೆದರು. ಯಾರದೋ ಮನೆಯ ಅರಿಶಿನದ ಸೀರೆಯ ಜೊತೆ ನೆನೆಹಾಕಿದ್ದಾಳೆ ಎಂಬುದು ಅವರ ತೀರ್ಮಾನ. ಅವಳು ಚೌಳು ಮಣ್ಣು ಹಾಕಿ ಕುದಿಸಿದಳು, ಬಂಡೆಗೆ ಬಡಿದಳು, ಹಳದಿ ಹೋಗಲಿಲ್ಲ. ಬೇರೆ ಮನೆಗಳಿಂದಲೂ ದೂರು ಬಂತು. ಹೀಗೇ ಆದರೆ ಸುಗ್ಗಿಯಲ್ಲಿ ಕಣಕ್ಕೆ ಬರಬೇಡ ಎಂದು ಅತ್ತೆ ಹೇಳಿಬಿಟ್ಟರು. ಕಣದಲ್ಲಿ ಮನೆಮನೆಯವರು ಹಾಕುವ ಜೋಳವೇ ಅವಳಿಗೂ ಕಣ್ಣು ಕಾಣದ ಅವಳ ಗಂಡನಿಗೂ ವರ್ಷದ ಊಟ.

ಮರುದಿನ ಇಳಿಹೊತ್ತಿನಲ್ಲಿ ಅವಳು ನನ್ನನ್ನು ಹಿತ್ತಿಲಿಗೆ ಕರೆದು ಮೇಲೆ ನೋಡೆಂದಳು. ಆಲದಮರದಿಂದ ಹುಳಗಳು ಭೋರೆಂದು ಎದ್ದು ನಮ್ಮ ತಲೆಯ ಮೇಲೆ ಹಾದುಹೋದವು. ಮೋಡವಿಲ್ಲದ ಆಕಾಶದಿಂದ ಸಣ್ಣಗೆ ತುಂತುರು ಬಿತ್ತು. ನನ್ನ ತೋಳಿನ ಮೇಲೆ ಎರಡು ಹಳದಿ ಹನಿ. ಮುಟ್ಟಿದರೆ ಲೋಳೆ.

"ಹುಳ ಹೂವಿನ ಪುಡಿ ತಿಂತಾವ್ರೀ ಅವ್ವ," ಎಂದಳು. "ತಿಂದಿದ್ದು ಹೊರಗ ಬರ್ಬೇಕಲ್ಲ. ಗೂಡಿನಾಗ ಹೊಲಸು ಮಾಡಲ್ಲ ಅವು, ಹಿಂಗೆ ಹಾರಿ ಬಂದು ನಮ್ ಮ್ಯಾಲೆ ಮಾಡ್ತಾವೆ."

ನಾನು ತೋಳನ್ನು ಬೂದಿ ಹಾಕಿ ತಿಕ್ಕಿದೆ, ಚರ್ಮ ಕೆಂಪಾಗುವವರೆಗೆ. ಅತ್ತೆಗೆ ಹೇಳು ಎಂದೆ. ಅವಳು ನಕ್ಕಳು. ಮಡಿವಾಳಗಿತ್ತಿ ತನ್ನ ತಪ್ಪನ್ನು ಹುಳದ ಮೇಲೆ ಹಾಕುತ್ತಾಳೆ ಎನ್ನುತ್ತಾರೆ, ಅಷ್ಟೇ ಎಂದಳು.

ಆಮೇಲಿನ ಮಂಗಳವಾರ ಅತ್ತೆ ಓಣಿಯ ಹೆಂಗಸರೊಡನೆ ಊರಮ್ಮನಿಗೆ ಹಣ್ಣುಕಾಯಿ ತೆಗೆದುಕೊಂಡು ಹೋಗಿದ್ದರು. ಅದೇ ತುಂತುರು ಅವರ ತಲೆಯ ಮೇಲೆ, ಒಡೆದ ತೆಂಗಿನಕಾಯಿಯ ಬಿಳಿಯ ಮೇಲೆ, ಅಮ್ಮನ ಕಲ್ಲಿನ ಮೇಲೆ ಬಿತ್ತು. ಅಮ್ಮ ಅರಿಶಿನ ಸುರಿಸಿದಳು ಎಂದು ಊರೆಲ್ಲ ಗುಡಿಗೆ ಓಡಿತು. ಪಂಚೆಯ ಮೇಲೆ ಬಿದ್ದಾಗ ಅದು ಕೊಳೆ, ಅತ್ತೆಯ ತಲೆಯ ಮೇಲೆ ಬಿದ್ದ ಕೂಡಲೇ ಅರಿಶಿನ. ಎಲೆಗಳ ಮೇಲೆ ಒಣಗಿದ್ದನ್ನು ಉಗುರಿನಿಂದ ಕೆರೆದು ಗಿಂಡಿಯ ನೀರಿಗೆ ಹಾಕಿದರು. ಕೆಮ್ಮುವ ಮಕ್ಕಳಿಗೆ ಕುಡಿಸಿದರು, ಹಸುಗಳಿಗೆ ಕುಡಿಸಿದರು. ಅತ್ತೆ ಮನೆಗೆ ಬಂದು ನನಗೂ ಕುಡಿಸಿದರು, ಮದುವೆಯಾಗಿ ಎರಡು ವರ್ಷವಾದರೂ ನನ್ನ ಹೊಟ್ಟೆ ಖಾಲಿ ಇತ್ತಲ್ಲ, ಅದಕ್ಕೆ. ಹಳಸಿದ ಜೇನಿನ ವಾಸನೆ. ಗೊತ್ತಿದ್ದೂ ಕುಡಿದೆ. ಹಿತ್ತಿಲಿಗೆ ಹೋಗಿ ಬೇಲಿಯ ಬುಡದಲ್ಲಿ ವಾಂತಿ ಮಾಡಿದೆ.

ಬಟ್ಟೆ ಒಯ್ಯಲು ಬಂದ ಮಡಿವಾಳಗಿತ್ತಿ ಅದನ್ನು ಕಂಡಳು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಸುಗ್ಗಿ ಮುಗಿಯಾಗಂಟ ಬಾಯಿ ಮುಚ್ಕಂಡಿರ್ರೀ ಅವ್ವ. ಅಮ್ಮನ ಅರಿಷ್ಣ ಅಂದಮ್ಯಾಲೆ ನನ್ನ ಯಾರೂ ಬೈತಿಲ್ಲ." ನಾನು ಆಗಲಿ ಎಂದೆ.

ಮಾತು ಕೊಟ್ಟವಳು ಮೂರು ಮಂಗಳವಾರ ಉಳಿಸಿಕೊಂಡೆ. ಪ್ರತಿ ಸಲವೂ ಕುಡಿದೆ, ಪ್ರತಿ ಸಲವೂ ಬೇಲಿಯ ಬುಡಕ್ಕೆ ಹೋದೆ. ನಾಲ್ಕನೆಯ ಸಲ ಓಣಿಯ ಹೆಂಗಸರೆಲ್ಲ ನಡುಮನೆಯಲ್ಲಿ ಕೂತಿದ್ದರು. ಅತ್ತೆ ಗಿಂಡಿ ಬಗ್ಗಿಸಿದರು. ನೀರಿನಲ್ಲಿ ಹುಳದ ರೆಕ್ಕೆಯೊಂದು ತೇಲುತ್ತಿತ್ತು. ಬಾಯಿಗೆ ಹೋದದ್ದನ್ನು ಅವರೆದುರೇ ಉಗುಳಿ, ಇದು ಅರಿಶಿನವಲ್ಲ, ಹೆಜ್ಜೇನಿನ ಹೇಲು ಎಂದೆ.

ಅತ್ತೆ ಗಿಂಡಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಯಾರು ಹೇಳಿದ್ದು ನಿಂಗೆ?"

ನಾನೇ ನೋಡಿದೆ ಎನ್ನಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ನನ್ನ ತೋಳಿನ ಮೇಲೇ ಬಿದ್ದಿತ್ತಲ್ಲ. ಆದರೆ ಅತ್ತೆಯ ಕಣ್ಣು ನೋಡಿ ಹೆದರಿದೆ. ಮಡಿವಾಳಗಿತ್ತಿ ಎಂದುಬಿಟ್ಟೆ.

ಅವಳನ್ನು ಕರೆಸಿದರು. ಅಂಗಳದಲ್ಲಿ ನಿಲ್ಲಿಸಿ, ಹೀಗೆ ಹೇಳಿದ್ದು ಹೌದೋ ಅಲ್ಲವೋ ಎಂದು ಕೇಳಿದ್ದಕ್ಕೆ ಅವಳು ಮೊದಲು ನನ್ನ ಕಡೆ ನೋಡಿದಳು. ಇಲ್ಲ ಎಂದಿದ್ದರೆ ನಾನು ಸುಳ್ಳಿಯಾಗುತ್ತಿದ್ದೆ. ಅವಳು ಹೌದ್ರೀ ಎಂದಳು. ಅಮ್ಮನ ಅರಿಶಿನಕ್ಕೆ ಹೇಲು ಎಂದವಳು ನಮ್ಮ ಮಡಿ ಬಟ್ಟೆ ಮುಟ್ಟಕೂಡದು ಎಂದು ಅತ್ತೆ ಹೇಳಿದರು. ಉಳಿದ ಮನೆಗಳೂ ಅದನ್ನೇ ಹೇಳಿದವು. ಸೊಸೆಯಾದ ನನಗೆ ಒಂದು ಬೈಗುಳವೂ ಬೀಳಲಿಲ್ಲ. ತಿಳಿಯದ ಹುಡುಗಿಯ ತಲೆ ಕೆಡಿಸಿದಳು ಎಂದು ನನ್ನ ಪಾಲಿನದನ್ನೂ ಅವಳಿಗೇ ಹಾಕಿದರು.

ಸುಗ್ಗಿಯಲ್ಲಿ ಅವಳು ಚೀಲ ಹಿಡಿದು ಕಣದ ಅಂಚಿಗೆ ಬಂದು ನಿಂತಿದ್ದಳು. ಜೋಳ ಅಳೆಯುತ್ತಿದ್ದವರು ಅತ್ತ ತಿರುಗಲಿಲ್ಲ. ಬುತ್ತಿ ಕೊಡಲು ಹೋಗಿದ್ದ ನಾನೂ ತಿರುಗಲಿಲ್ಲ. ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಆಮೇಲೆ ಗಂಡನನ್ನು ಕೈಹಿಡಿದು ಊರು ಬಿಟ್ಟಳೆಂದೂ, ದಾವಣಗೆರೆ ರಸ್ತೆಯಲ್ಲಿ ಜಲ್ಲಿ ಒಡೆಯುತ್ತಾಳೆಂದೂ ಕೇಳಿದೆ. ಹೇಲು ತಿಂದದ್ದಕ್ಕಿಂತ ಆ ಕಣದಲ್ಲಿ ಬೆನ್ನು ತಿರುಗಿಸಿ ನಿಂತದ್ದು ನನಗೆ ಹೆಚ್ಚು ಅಸಹ್ಯ.

ಮರುವರ್ಷ ಹುಚ್ಚೆಳ್ಳು ಹೂ ಬಿಡುವ ಹೊತ್ತಿಗೆ ನನಗೆ ಗಂಡುಮಗು ಹುಟ್ಟಿತು. ತೀರ್ಥ ಫಲ ಕೊಟ್ಟಿತು ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಕೂಸನ್ನು ಸುತ್ತಲು ಹಳೆಯ ಮೆತ್ತನೆಯ ಬಟ್ಟೆ ಬೇಕಿತ್ತು. ಪೆಟ್ಟಿಗೆಯಿಂದ ಮಾವನ ಆ ಪಂಚೆಯನ್ನೇ ತೆಗೆದು ಎರಡಾಗಿ ಹರಿದರು. ಚುಕ್ಕೆಗಳು ಮಾಸಿರಲಿಲ್ಲ. ಬೇರೆ ಊರಿಂದ ಬಂದಿದ್ದ ಹೊಸ ಮಡಿವಾಳ ಬಾಣಂತಿ ಬಟ್ಟೆ ಒಯ್ಯಲು ಬಾಗಿಲಿಗೆ ಬಂದಾಗ ಅತ್ತೆ ಆ ತುಂಡನ್ನು ಬೇರೆಯಾಗಿ ಅವನ ಕೈಗೆ ಕೊಟ್ಟರು.

"ಹಳದಿ ಹೋಗದಂಗೆ ಒಗಿಯಪ್ಪ," ಎಂದರು.

ನಾನು ಗೋಡೆಯ ಕಡೆ ಮಗ್ಗುಲಾಗಿ ಕೂಸಿಗೆ ಹಾಲು ಕೊಟ್ಟೆ.